ಆಸ್ಟೆರಿಕ್ಸ್ ಯಾರನ್ನು ನೋಡಿ ನಗುತ್ತಾನೆ?

ಆಸ್ಟೆರಿಕ್ಸ್ ಅಂದರೆ ಫ್ರೆಂಚ್ ಕಾಮಿಕ್ಸ್ ಒಂದರ ನಾಯಕ, ರೋಮನ್ನರಿಗೆ ಸೋಲದ ಪುಟ್ಟ ಗಾಲ್ ಊರಿನವನು. ಆ ಕಾಮಿಕ್ಸ್‌ನಲ್ಲಿ ಬ್ರಿಟನ್ನಿನವರು ಯುದ್ಧ ಮಾಡೋ ರೀತಿ ನೋಡಿದ್ದೀರಾ? ಸಂಜೆ ಐದಾಯ್ತು ಅಂದರೆ ಕತ್ತಿ ಬದಿಗಿಟ್ಟು ಬಿಸಿನೀರು ಕುಡಿಯೋಕೆ ಹೊರಡುತ್ತಾರೆ. ಬರೀ ಬಿಸಿನೀರು, ಟೀ ಸೊಪ್ಪು ಇನ್ನೂ ಅಲ್ಲಿಗೆ ಬಂದಿಲ್ಲ! ವಾರದ ಕೊನೆಗೆ ಎರಡು ದಿನ ಯುದ್ಧಕ್ಕೇ ರಜೆ. ರೋಮನ್ ದಂಡನಾಯಕ ಸೀಸರ್ ಸರಿಯಾಗಿ ಅದೇ ಹೊತ್ತು ನೋಡಿ ದಾಳಿ ಮಾಡುತ್ತಾನೆ, ಗೆಲ್ಲುತ್ತಾನೆ. ನಿಜವಾದ ಸೀಸರ್ ಕ್ರಿ.ಪೂ. 55 ಮತ್ತು 54ರಲ್ಲಿ ಎರಡು ಸಲ ಹೋಗಿ ವಾಪಸ್ ಬಂದವನು, ಬ್ರಿಟನ್ ಅವನ ಕೈಗೆ ಸಿಗಲಿಲ್ಲ. ಅದಿರಲಿ.

ಅದೇ ಪುಸ್ತಕದಲ್ಲಿ ಒಬ್ಬ ಬ್ರಿಟನ್ನಿನವನು ಮನೆ ಮುಂದೆ ಕೂತು ಪುಟ್ಟ ಕುಡುಗೋಲಿನಿಂದ ಹುಲ್ಲು ಸವರುತ್ತಿರುತ್ತಾನೆ. ಇನ್ನೆರಡು ಸಾವಿರ ವರ್ಷ ನೋಡಿಕೊಂಡರೆ ಚೆನ್ನಾಗಿ ಬರುತ್ತೆ ಅನ್ನೋದು ಅವನ ಲೆಕ್ಕ. ರೋಮನ್ ಸೈನಿಕರು ಬಂದರೆ ಅವನ ಚಿಂತೆ ದೇಶದ್ದಲ್ಲ, ಹುಲ್ಲಿನದು. ಇಂಥ ಜೋಕು ಸುಮ್ನೆ ಹುಟ್ಟಲ್ಲ. ಪಕ್ಕದ ದೇಶದವರನ್ನು ಹತ್ತಿರದಿಂದ, ಸ್ವಲ್ಪ ಪ್ರೀತಿಯಿಂದಲೂ ನೋಡಿರಬೇಕು.

ಕಥೆ ಬರೆದ ಗೊಸಿನ್ನಿಯದು ಪೂರ್ವ ಯುರೋಪಿನಿಂದ ಬಂದ ಯಹೂದಿ ಮನೆ, ಚಿತ್ರ ಬರೆದ ಯುಡೆರ್ಝೊ ಅವರದು ಇಟಲಿಯಿಂದ ವಲಸೆ ಬಂದ ಮನೆ. ಫ್ರೆಂಚರ ಹೆಮ್ಮೆಯ ಪೂರ್ವಜರಾದ ಗಾಲ್‌ಗಳನ್ನೂ ಇವರು ಬಿಟ್ಟಿಲ್ಲ. ಮೀನು ನಾರುತ್ತಿದೆ ಅಂತ ಒಬ್ಬ ಅಂದರೆ ಸಾಕು, ಆಸ್ಟೆರಿಕ್ಸ್‌ನ ಇಡೀ ಊರು ಬೀದಿಗಿಳಿದು ಹೊಡೆದಾಡುತ್ತದೆ.

1963ರ ಗಾತ್‌ಗಳ, ಅಂದರೆ ಹಳೇ ಜರ್ಮನ್ ಬುಡಕಟ್ಟಿನವರ ಕಥೆಯಲ್ಲಿ ಮಾತ್ರ ನಗು ಸ್ವಲ್ಪ ಕಹಿ. ತುದಿಯಲ್ಲಿ ಮೊಳೆಯಿರುವ ಜರ್ಮನ್ ಹೆಲ್ಮೆಟ್ಟು, ಮಾತೆಲ್ಲ ಹಳೇ ಜರ್ಮನ್ ಅಕ್ಷರದಲ್ಲಿ, ಕೊನೆಗೆ ತಮ್ಮತಮ್ಮಲ್ಲೇ ಬಡಿದಾಟ. ನಾಜಿಗಳ ಕೈಯಲ್ಲಿ ಬಂಧುಗಳನ್ನು ಕಳೆದುಕೊಂಡವರು ಗೊಸಿನ್ನಿ. ಆ ಸಿಟ್ಟು ಅರ್ಥವಾಗುತ್ತೆ ಅಲ್ವಾ?

ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳೋದು ಇದೇ ಕಾಮಿಕ್ಸ್‌ನ ಕಡಲ್ಗಳ್ಳರ ಹಡಗು. ಅಲ್ಲಿ ಮರದ ಕಾಲಿನ ಮುದುಕನಿಗೆ ಲ್ಯಾಟಿನ್ ಉಕ್ತಿಗಳು ಬಾಯಿಪಾಠ. ಕಂಬದ ಮೇಲೆ ಕಾವಲಿರುವ ಬಾಬಾ ಅನ್ನೋ ಕಪ್ಪು ಕಡಲ್ಗಳ್ಳನಿಗೆ ಫ್ರೆಂಚ್ ಮೂಲದಲ್ಲಿ 'ರ' ಅಕ್ಷರವೇ ಹೊರಡಲ್ಲ. ಊದಿದ ಕೆಂಪು ತುಟಿ ಬೇರೆ. ಆ ಹಡಗು ಇನ್ನೊಂದು ಕಾಮಿಕ್ಸ್‌ನ ಅಣಕು ಅನ್ನೋದು ನಿಜ. ಆದರೆ ಬಾಬಾನ ಮುಖ, ಮಾತು ಎರಡೂ ವಸಾಹತು ಕಾಲದ ಜಾಹೀರಾತುಗಳಿಂದ ಎತ್ತಿಕೊಂಡಂತಿವೆ. ಯಾರನ್ನೂ ನೋಡಿ ಬರೆದದ್ದಲ್ಲ.

ಬಣ್ಣ ಬದಲಿಸಿ ಮತ್ತೆ ಅಚ್ಚು ಹಾಕಬೇಕು ಅಂತ ನಾನು ಹೇಳಲ್ಲ, ಹಳೇ ಪುಟ ಹಾಗೇ ಇರಲಿ. ಆದರೆ 'ಎಲ್ಲರನ್ನೂ ಗೇಲಿ ಮಾಡಿದ್ದಾರೆ, ಅವನನ್ನೂ ಮಾಡಿದ್ದಾರೆ, ಸಮ ಆಯ್ತಲ್ಲ' ಅಂತೀರಾ? ಹಾಗಾದರೆ ಹೇಳಿ: ಬ್ರಿಟನ್ನಿನವನು ಏನು ಕುಡೀತಾನೆ ಅಂತ ಗೊತ್ತಾಯ್ತು. ಬಾಬಾನ ಊರಲ್ಲಿ ಏನು ತಿಂತಾರೆ?