ಮಂಜೂಷದ ಕೋಲುಗಳು: ಪ್ರಾಚೀನ ಇಸ್ರಾಯೇಲರ ಪವಿತ್ರ ಸ್ಥಳ

ಕೇಳುಗರೆಲ್ಲರಿಗೂ ನಮಸ್ಕಾರ.

ಬೈಬಲಿನ ವಿಮೋಚನಕಾಂಡದಲ್ಲಿ, ದೇವದರ್ಶನದ ಗುಡಾರವನ್ನು, ಎಂದರೆ ಇಸ್ರಾಯೇಲರು ಅಲೆದಾಟದಲ್ಲಿ ಹೊತ್ತೊಯ್ಯುತ್ತಿದ್ದ ಆರಾಧನೆಯ ಡೇರೆಯನ್ನು, ಕಟ್ಟುವ ಬಗೆಯನ್ನು ಹೇಳುವ ಅಧ್ಯಾಯಗಳ ನಡುವೆ, ಓದುವವರು ಸುಲಭವಾಗಿ ದಾಟಿಹೋಗುವಂಥ ಒಂದು ಚಿಕ್ಕ ಕಟ್ಟಳೆಯಿದೆ. ಒಡಂಬಡಿಕೆಯ ಮಂಜೂಷವನ್ನು, ಎಂದರೆ ದೇವರ ಆಜ್ಞೆಗಳ ಕಲ್ಲಿನ ಹಲಗೆಗಳನ್ನಿಡುವ ಪೆಟ್ಟಿಗೆಯನ್ನು, ಜಾಲೀಮರದಿಂದ ಮಾಡಿ ಒಳಗೂ ಹೊರಗೂ ಚೊಕ್ಕ ಬಂಗಾರದ ತಗಡನ್ನು ಹೊದಿಸಬೇಕು. ಅದರ ಉದ್ದ ಎರಡೂವರೆ ಮೊಳ, ಅಗಲ ಮತ್ತು ಎತ್ತರ ಒಂದೂವರೆ ಮೊಳ. ನಾಲ್ಕು ಬಳೆಗಳನ್ನು ಜೋಡಿಸಿ, ಹೊರುವುದಕ್ಕಾಗಿ ಅವುಗಳೊಳಗೆ ಎರಡು ಕೋಲುಗಳನ್ನು ತೂರಿಸಬೇಕು. ಆ ಕೋಲುಗಳು ಬಳೆಗಳಲ್ಲಿಯೇ ಇರಬೇಕು, ಅವನ್ನು ತೆಗೆಯಕೂಡದು ಎಂಬುದು ಆ ಕಟ್ಟಳೆ. ಹೊರೆಯನ್ನು ಇಳಿಸಿದ ಮೇಲೆ ಕೋಲನ್ನು ಕಳಚಿಡುವುದು ಲೋಕದ ವಾಡಿಕೆ. ಇಲ್ಲಿ ಮಾತ್ರ ಮಂಜೂಷವು ನೆಲದ ಮೇಲಿದ್ದಾಗಲೂ ಹೊರಡಲು ಅಣಿಯಾಗಿಯೇ ಇರುತ್ತದೆ. ಪವಿತ್ರ ಸ್ಥಳವನ್ನು ಕುರಿತು ಪ್ರಾಚೀನ ಇಸ್ರಾಯೇಲರು ತಿಳಿದಿದ್ದುದರ ತಿರುಳು ಈ ಎರಡು ಕೋಲುಗಳಲ್ಲಿದೆ ಎಂದು ನಾನು ನಂಬಿದ್ದೇನೆ: ದೇವರು ಒಂದು ಸ್ಥಳದಲ್ಲಿ ನಿಜವಾಗಿಯೂ ನೆಲೆಸುತ್ತಾನೆ, ಆದರೆ ಆ ಸ್ಥಳ ಅವನನ್ನು ಹಿಡಿದಿಟ್ಟುಕೊಳ್ಳಲಾರದು.

ಗುಡಾರಕ್ಕೂ ಹಿಂದಿನ ಕಥೆಗಳಲ್ಲಿಯೇ ಈ ತಿಳಿವು ಮೊಳೆತಿದೆ. ಮನೆಬಿಟ್ಟು ಹೊರಟ ಯಾಕೋಬನು ಹೊತ್ತು ಮುಳುಗಿದ ಕಡೆಯಲ್ಲಿ ಒಂದು ಕಲ್ಲನ್ನು ತಲೆದಿಂಬಾಗಿಟ್ಟುಕೊಂಡು ಮಲಗುತ್ತಾನೆ. ಕನಸಿನಲ್ಲಿ ದೇವದರ್ಶನವಾದ ಮೇಲೆ ಎದ್ದು, ಇಸ್ರಾಯೇಲರ ದೇವರಾದ ಯೆಹೋವನು ಇಲ್ಲಿದ್ದುದು ತನಗೆ ತಿಳಿಯಲಿಲ್ಲವಲ್ಲ ಎಂದು ಬೆದರಿ, ಅದೇ ಕಲ್ಲನ್ನು ನೆಟ್ಟು ಅದರ ಮೇಲೆ ಎಣ್ಣೆ ಸುರಿಯುತ್ತಾನೆ. ಬೇತೇಲ್, ಎಂದರೆ ದೇವರ ಮನೆ, ಎಂದು ಆ ಸ್ಥಳಕ್ಕೆ ಹೆಸರಾಗುತ್ತದೆ. ಉರಿಯುವ ಪೊದೆಯ ಮುಂದೆ ಕೆರ ಕಳಚಬೇಕೆಂಬ ಮಾತನ್ನು ಮೋಶೆ ಕೇಳಿದ್ದೂ ಗುಡಿಯಿಲ್ಲದ ಬಯಲಿನಲ್ಲಿ, ಕುರಿ ಮೇಯಿಸುತ್ತಿದ್ದಾಗ.

ಗುಡಾರವನ್ನು ಹೀಬ್ರೂ ಭಾಷೆಯಲ್ಲಿ 'ಮಿಷ್ಕಾನ್' ಎನ್ನುತ್ತಾರೆ. ನೆಲೆಸು ಎಂಬ ಧಾತುವಿನಿಂದ ಬಂದ ಈ ಪದಕ್ಕೆ ವಾಸಸ್ಥಾನವೆಂದು ಅರ್ಥ. ಸುತ್ತಲೂ 100 ಮೊಳ ಉದ್ದ, 50 ಮೊಳ ಅಗಲದ ಅಂಗಳ, ಅಂಗಳದಲ್ಲಿ ತಾಮ್ರದ ಹೊದಿಕೆಯ ಯಜ್ಞವೇದಿ. ಅದನ್ನು ದಾಟಿ ಗುಡಾರದ ಚೌಕಟ್ಟಿಗೆ ಬಂದರೆ ಕೆಳಗೆ ಬೆಳ್ಳಿಯ ಗದ್ದಿಗೇಕಲ್ಲುಗಳು, ಒಳಗೆ ಹೋದಂತೆ ಬಂಗಾರ. ಕೊನೆಯಲ್ಲಿ ಕೆರೂಬಿಗಳೆಂಬ ರೆಕ್ಕೆಯುಳ್ಳ ದಿವ್ಯಜೀವಿಗಳ ಚಿತ್ರವನ್ನು ನೇಯ್ದ ತೆರೆ, ತೆರೆಯ ಆಚೆಗೆ ಮಹಾಪವಿತ್ರಸ್ಥಾನ. ಹೊರಗಿನಿಂದ ಒಳಕ್ಕೆ ಪಾವಿತ್ರ್ಯ ಏರುತ್ತ ಹೋಗುವುದನ್ನು ಲೋಹಗಳೇ ಹೇಳುತ್ತವೆ.

ಆ ಒಳಕೋಣೆಗೆ ಮಹಾಯಾಜಕನೊಬ್ಬನೇ, ವರ್ಷಕ್ಕೊಮ್ಮೆ ದೋಷಪರಿಹಾರಕ ದಿನದಂದು ಹೋಗುತ್ತಿದ್ದನು. ಬಂಗಾರದ ಕಸೂತಿಯ ಉಡುಪನ್ನು ತೆಗೆದಿಟ್ಟು, ಸ್ನಾನಮಾಡಿ, ಬರಿಯ ನಾರುಬಟ್ಟೆಯನ್ನು ತೊಟ್ಟು ಅವನು ತೆರೆಯನ್ನು ದಾಟಬೇಕಾಗಿತ್ತು. ಕೆಂಡದ ಮೇಲೆ ಹಾಕಿದ ಧೂಪದ ಹೊಗೆ ಮಂಜೂಷದ ಮೇಲ್ಭಾಗದ ಕೃಪಾಸನವನ್ನು ಮುಚ್ಚದಿದ್ದರೆ ಅವನು ಸಾಯುವನೆಂಬ ಎಚ್ಚರಿಕೆಯೂ ಇತ್ತು. ಅಂದು ಅವನು ಚಿಮುಕಿಸುವ ರಕ್ತವು ಜನರಿಗಾಗಿ ಮಾತ್ರವಲ್ಲದೆ ಆ ಸ್ಥಳಕ್ಕಾಗಿಯೂ ಆಗಿತ್ತು ಎಂಬುದನ್ನು ಕೇಳುಗರು ವಿಶೇಷವಾಗಿ ಗಮನಿಸಬೇಕು. ಜನರು ದೂರದಲ್ಲೆಲ್ಲೋ ಮಾಡಿದ ಪಾಪದ ಮೈಲಿಗೆ ಪಾಳೆಯದ ನಡುವಿನ ಗುಡಾರಕ್ಕೂ ತಟ್ಟುತ್ತದೆ ಎಂದು ಬೈಬಲಿನ ಯಾಜಕಕಾಂಡ ತಿಳಿಯುತ್ತದೆ. ಪವಿತ್ರ ಸ್ಥಳವು ತನ್ನ ಸುತ್ತಲಿನ ಬದುಕಿನಿಂದ ಬೇರೆಯಾಗಿ ತನ್ನಷ್ಟಕ್ಕೆ ಶುದ್ಧವಾಗಿ ಉಳಿಯಲಾರದು.

ಮುಂದೆ ಅರಸನಾದ ಸೊಲೊಮೋನನು ಯೆರೂಸಲೇಮಿನಲ್ಲಿ 60 ಮೊಳ ಉದ್ದ, 20 ಮೊಳ ಅಗಲ, 30 ಮೊಳ ಎತ್ತರದ ಕಲ್ಲಿನ ಆಲಯವನ್ನು ಕಟ್ಟಿಸಿದಾಗ ಅಲೆದಾಟ ಮುಗಿಯಿತೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಮಂಜೂಷವನ್ನು ಒಳಗೆ ತಂದಿರಿಸಿದ ಪ್ರಸಂಗವನ್ನು ಹೇಳುವಾಗ ಅರಸುಗಳ ಪುಸ್ತಕವು ಒಂದು ಮಾತನ್ನು ಸೇರಿಸುತ್ತದೆ: ಕೋಲುಗಳು ಬಹು ಉದ್ದವಾಗಿದ್ದುದರಿಂದ ಅವುಗಳ ತುದಿಗಳು ಗರ್ಭಗೃಹದ ಮುಂದಿನ ಪವಿತ್ರಸ್ಥಾನದಲ್ಲಿ ನಿಂತವರಿಗೆ ಕಾಣಿಸುತ್ತಿದ್ದವು, ಹೊರಗಿನವರಿಗೆ ಕಾಣಿಸುತ್ತಿರಲಿಲ್ಲ. ದೇವದಾರು ಹಲಗೆ, ಬಂಗಾರದ ಲೇಪ, ಎಲ್ಲವೂ ಶಾಶ್ವತವೆಂದು ಸಾರುವ ಆ ಕಟ್ಟಡದಲ್ಲಿ ದಿನವೂ ಧೂಪ ಹಾಕಲು ಬರುವ ಯಾಜಕನ ಕಣ್ಣಿಗೆ ಮಾತ್ರ ಆ ಎರಡು ತುದಿಗಳು ಬೀಳುತ್ತವೆ. ಆಲಯವನ್ನು ಪ್ರತಿಷ್ಠಿಸಿದ ದಿನ ಸೊಲೊಮೋನನೂ ತನ್ನ ಪ್ರಾರ್ಥನೆಯಲ್ಲಿ ಅದನ್ನೇ ಒಪ್ಪಿಕೊಳ್ಳುತ್ತಾನೆ: ಆಕಾಶವೂ ಉನ್ನತೋನ್ನತವಾದ ಆಕಾಶವೂ ನಿನಗೆ ಸಾಲದಿರುವಾಗ ನಾನು ಕಟ್ಟಿಸಿದ ಈ ಮನೆ ಸಾಕಾದೀತೇ?

ಆರಾಧನೆಯೆಲ್ಲ ಯೆರೂಸಲೇಮಿನಲ್ಲಿ ಒಂದೇ ಕಡೆ ನಡೆಯುತ್ತಿತ್ತೆಂದು ಭಾವಿಸಬಾರದು. ನೆಗೆವ್ ಪ್ರದೇಶದ ಅರಾದ್ ಕೋಟೆಯಲ್ಲಿ, ಯೆಹೂದದ ಅರಸರ ಕಾಲದ ಒಂದು ಪುಟ್ಟ ಗುಡಿಯನ್ನು 1960ರ ದಶಕದಲ್ಲಿ ಯೋಹಾನಾನ್ ಅಹರೋನಿಯವರ ನೇತೃತ್ವದಲ್ಲಿ ಅಗೆದು ತೆಗೆದರು. ಅದರ ಒಳಕೋಣೆಯ ಮುಂದೆ ಎರಡು ಧೂಪವೇದಿಗಳು, ಒಳಗೆ ನೆಟ್ಟ ಕಲ್ಲು ಇದ್ದವು. ಆ ವೇದಿಗಳ ಮೇಲೆ ಉಳಿದಿದ್ದ ಕಪ್ಪು ಕರಕಿನಲ್ಲಿ ಒಂದರಲ್ಲಿ ಸಾಂಬ್ರಾಣಿಯೂ ಇನ್ನೊಂದರಲ್ಲಿ ಗಾಂಜಾ ಗಿಡದ ಅಂಶವೂ ಇದ್ದವೆಂದು 2020ರಲ್ಲಿ ಪ್ರಕಟವಾದ ರಾಸಾಯನಿಕ ಪರೀಕ್ಷೆ ತೋರಿಸಿತು. ಇಂಥ ಊರೂರಿನ ಪೂಜಾಸ್ಥಳಗಳನ್ನು ಕೆಡವಿಸಿ ಆರಾಧನೆಯನ್ನು ಯೆರೂಸಲೇಮಿಗೇ ಸೀಮಿತಗೊಳಿಸಲು ಅರಸನಾದ ಯೋಷೀಯನು ಕ್ರಿ.ಪೂ. 622ರ ಸುಮಾರಿಗೆ ಪ್ರಯತ್ನಿಸಿದನು.

ಒಂದೇ ಆಲಯವೆಂಬ ಈ ಹೆಮ್ಮೆಯಿಂದ ಅಪಾಯವೊಂದು ಹುಟ್ಟಿಕೊಂಡಿತು. ಆಲಯವಿರುವ ತನಕ ತಮಗೆ ಕೇಡಿಲ್ಲವೆಂದು ಜನರು ನಂಬಿದ್ದಾಗ ಪ್ರವಾದಿ ಯೆರೆಮೀಯನು ಅದರ ಬಾಗಿಲಲ್ಲಿಯೇ ನಿಂತು, ಪರದೇಶಿ, ಅನಾಥ, ವಿಧವೆಯರನ್ನು ಹಿಂಸಿಸುತ್ತ ಇಲ್ಲಿಗೆ ಬಂದು ಸುರಕ್ಷಿತರಾದೆವೆಂದು ಹೇಳುವಿರೋ ಎಂದು ಕೇಳಿದನು. ಹಿಂದೊಮ್ಮೆ ಮಂಜೂಷವಿದ್ದ ಶೀಲೋ ಪಾಳುಬಿದ್ದದ್ದನ್ನು ಹೋಗಿ ನೋಡಿರೆಂದನು. ಕ್ರಿ.ಪೂ. 586ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ದಂಡು ಆಲಯವನ್ನು ಸುಟ್ಟುಹಾಕಿತು. ಅದಕ್ಕೂ ಕೆಲವು ವರ್ಷ ಮೊದಲೇ ಬಾಬೆಲಿಗೆ ಸೆರೆಹೋಗಿದ್ದ ಪ್ರವಾದಿ ಯೆಹೆಜ್ಕೇಲನಿಗೆ ಕೆಬಾರ್ ನದಿಯ ಬಳಿ ಕಂಡ ದೇವರ ಸಿಂಹಾಸನದ ಜೊತೆಗೆ ಚಕ್ರಗಳಿದ್ದವು. ಯೆಹೋವನ ತೇಜಸ್ಸು ಆಲಯದ ಹೊಸ್ತಿಲಿಗೂ, ಅಲ್ಲಿಂದ ಮೂಡಣ ಬಾಗಿಲಿಗೂ, ಅಲ್ಲಿಂದ ಊರಾಚೆಯ ಬೆಟ್ಟಕ್ಕೂ ಸರಿಯುವುದನ್ನು ಅವನು ದರ್ಶನದಲ್ಲಿ ಕಂಡನು. ಶತ್ರುಗಳು ಸುಟ್ಟದ್ದು ಬರಿದಾದ ಮನೆಯನ್ನು.

ಎರಡನೆಯ ಆಲಯ ಕ್ರಿ.ಪೂ. 515ರ ಸುಮಾರಿಗೆ ಮುಗಿಯಿತು. ಮಂಜೂಷ ಮಾತ್ರ ಮರಳಲಿಲ್ಲ. ಕ್ರಿ.ಪೂ. 63ರಲ್ಲಿ ಯೆರೂಸಲೇಮನ್ನು ಹಿಡಿದ ರೋಮಿನ ಸೇನಾನಿ ಪಾಂಪೆಯು ಒಳಕೋಣೆಗೆ ನುಗ್ಗಿದಾಗ ಅಲ್ಲಿ ಯಾವ ದೇವಪ್ರತಿಮೆಯನ್ನೂ ಕಾಣಲಿಲ್ಲ. ಆದರೂ ವರ್ಷಕ್ಕೊಮ್ಮೆ ಮಹಾಯಾಜಕನು ಅಲ್ಲಿಗೆ ಹೋಗುವುದು ನಿಲ್ಲಲಿಲ್ಲ. ಮಂಜೂಷವಿದ್ದ ಕಾಲದಲ್ಲಿ ಧೂಪಾರತಿಯನ್ನು ಅದರ ಎರಡು ಕೋಲುಗಳ ನಡುವೆ ಇಡುತ್ತಿದ್ದರೆಂದು ಯೆಹೂದ್ಯರ ಮಿಷ್ನಾ ಗ್ರಂಥ ಹೇಳುತ್ತದೆ. ಮಂಜೂಷ ಹೋದ ಮೇಲೆ ಅಲ್ಲಿ ಉಳಿದದ್ದು ನೆಲದಿಂದ ಮೂರು ಬೆರಳಿನಷ್ಟು ಎದ್ದಿದ್ದ ಒಂದು ಕಲ್ಲು. ತೆರೆಯ ಆಚೆಯ ಕತ್ತಲಲ್ಲಿ, ನಾರುಬಟ್ಟೆಯುಟ್ಟ ಆ ಒಬ್ಬ ಮನುಷ್ಯನು ಕೆಂಡವನ್ನು ಆ ಕಲ್ಲಿನ ಮೇಲಿಟ್ಟು, ಹೊಗೆ ಕೋಣೆಯನ್ನು ತುಂಬುವ ತನಕ ಕಾಯುತ್ತಿದ್ದನು.

ನಮಸ್ಕಾರ.