ಅಂಗಡಿಗೆ ಬೀಗ ಬಿತ್ತು, ಫರ್ಮಿಗೆ ಬೀಳಲಿಲ್ಲ

ಕೇಳುಗರಿಗೆ ನಮಸ್ಕಾರ.

ಬೆಳಗಾವಿಯಲ್ಲಿ ನಾನು ತೆರಿಗೆ ಲೆಕ್ಕ ನೋಡುವವನು. ಹೋದ ತಿಂಗಳು ಇಬ್ಬರು ಗೆಳೆಯರು ಬಂದರು. ಪಣಜಿಯಲ್ಲಿ ಕರದಂಟಿನ ಅಂಗಡಿ ಇಟ್ಟಿದ್ದರಂತೆ. ಪಾಲುದಾರಿಕೆ ಪತ್ರ, ಫರ್ಮಿನ ಹೆಸರಲ್ಲಿ ಪ್ಯಾನ್, ಗೋವಾದ ಜಿಎಸ್‌ಟಿ ನಂಬರ್, ಎಲ್ಲ ಮಾಡಿಸಿದ್ದರು. ನವೆಂಬರಿನಲ್ಲಿ ಪೂಜೆ, ಫೆಬ್ರವರಿಯಲ್ಲಿ ಬೀಗ. ಬಾಡಿಗೆಯೂ ಹುಟ್ಟಲಿಲ್ಲ. ಉಳಿದ ಡಬ್ಬಿಗಳನ್ನು ಕಾರಿಗೆ ತುಂಬಿಕೊಂಡು ಚೋರ್ಲಾ ಘಾಟ್ ಹತ್ತಿ ವಾಪಸ್ ಬಂದರು.

"ಲಾಭನ ಇಲ್ಲ ಅಂದಮ್ಯಾಲ ರಿಟರ್ನ್ ಯಾಕ್ರೀ ಸರ? ಅದೂ ಗೋವಾದಾಗ ಇಟ್ಟಿದ್ದು" ಅಂದರು.

ಆದಾಯ ತೆರಿಗೆ ಕೇಂದ್ರದ್ದು. ಅದಕ್ಕೆ ಗೋವಾ, ಕರ್ನಾಟಕ ಅನ್ನುವ ಗಡಿ ಇಲ್ಲ. ಅದರ ಕಣ್ಣಿಗೆ ಫರ್ಮ್ ಅಂದರೆ ಇವರಿಬ್ಬರೂ ಅಲ್ಲ, ಮೂರನೆಯ ಆಸಾಮಿ. ನಮ್ಮ ನಿಮ್ಮ ಆದಾಯ ಮಿತಿಯೊಳಗಿದ್ದರೆ ಸಾಮಾನ್ಯವಾಗಿ ಸುಮ್ನೆ ಇರಬಹುದು. ಫರ್ಮಿಗೆ ಅಂಥ ಮಿತಿಯೇ ಇಲ್ಲ. ಲಾಭ ಬಂದರೆ ಮೊದಲ ರೂಪಾಯಿಯಿಂದಲೇ ಶೇಕಡಾ 30 ತೆರಿಗೆ, ಆ ತೆರಿಗೆಯ ಮೇಲೆ ಮತ್ತೆ ಶೇಕಡಾ 4 ಸೆಸ್ ಎಂಬ ಹೆಚ್ಚುವರಿ ಕರ. ನಷ್ಟವಾದರೂ ರಿಟರ್ನ್ ಹಾಕಲೇಬೇಕು. ಆ ನಷ್ಟವನ್ನು ಪಾಲುದಾರರು ತಮ್ಮ ಸ್ವಂತ ರಿಟರ್ನಿನಲ್ಲಿ ತೋರಿಸಲು ಆಗುವುದಿಲ್ಲ. ಇದನ್ನು ಕೇಳಿ ಇಬ್ಬರ ಮುಖವೂ ಬಾಡಿತು. ಲಾಭವಾಗಿದ್ದರೆ ಫರ್ಮ್ ತೆರಿಗೆ ಕಟ್ಟಿದ ಮೇಲೆ ಅವರ ಪಾಲಿಗೆ ಮತ್ತೆ ತೆರಿಗೆ ಇರುತ್ತಿರಲಿಲ್ಲ, ಅದೊಂದು ಒಳ್ಳೆಯದು.

ರಾಜ್ಯದ ಗಡಿ ಕಾಡುವುದು ಜಿಎಸ್‌ಟಿಯಲ್ಲಿ. ಅಲ್ಲಿ ನೋಂದಣಿ ರಾಜ್ಯಕ್ಕೊಂದು. ಪಣಜಿ ಅಂಗಡಿಯ ಬಾಡಿಗೆಗೆ ಕಟ್ಟಿದ ತೆರಿಗೆಯ ಕ್ರೆಡಿಟ್, ಅಂದರೆ ಮಾರಾಟದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳುವ ಹಕ್ಕು, ಗೋವಾ ನಂಬರಿಗೇ ಸೇರಿದ್ದು, ಬೆಳಗಾವಿಗೆ ತರಲು ಬರುವುದಿಲ್ಲ. ವ್ಯಾಪಾರ ನಿಂತರೂ ನಂಬರ್ ಜೀವಂತ ಇರುವಷ್ಟು ದಿನ ಜಿಎಸ್‌ಟಿಆರ್-1 (ಮಾರಾಟದ ವಿವರ), 3ಬಿ (ತೆರಿಗೆಯ ಒಟ್ಟು ಲೆಕ್ಕ) ಎಂಬ ಎರಡೂ ರಿಟರ್ನುಗಳನ್ನು ಸೊನ್ನೆ ಬರೆದಾದರೂ ಹಾಕಬೇಕು. ಇವರು ಹಾಕಿರಲಿಲ್ಲ. ಸೊನ್ನೆ ರಿಟರ್ನಿಗೂ ಒಂದೊಂದಕ್ಕೆ ದಿನಕ್ಕೆ 20 ರೂಪಾಯಿ ದಂಡ. 500ಕ್ಕೆ ನಿಲ್ಲುತ್ತದೆ ಅನ್ನುವುದೇ ಸಮಾಧಾನ. ಆದರೆ ತಿಂಗಳಿಗೆ ಎರಡು ಅಲ್ವಾ, ಲೆಕ್ಕ ಹಾಕಿ.

ನಂಬರ್ ರದ್ದು ಮಾಡಿ ಎಂದು ಅರ್ಜಿ ಕೊಟ್ಟರೂ ಕೆಲಸ ಮುಗಿಯಲಿಲ್ಲ. ರದ್ದಾದ ದಿನ, ರದ್ದತಿಯ ಆದೇಶದ ದಿನ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಂದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಹಾಕಬೇಕು. ಜಾಸ್ತಿ ಜನ ಎಡವುವುದು ಇಲ್ಲೇ. ತಡವಾದರೆ ದಿನಕ್ಕೆ 200 ರೂಪಾಯಿ. ಉಳಿದ ಸರಕಿನ ಮೇಲೆ ಪಡೆದ ಕ್ರೆಡಿಟ್ಟನ್ನೂ ಆಗ ವಾಪಸ್ ಕಟ್ಟಬೇಕು. ಕಾರಿನಲ್ಲಿ ಬಂದ ಡಬ್ಬಿಗಳ ಲೆಕ್ಕ ಕೇಳಿದೆ. ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಅರ್ಧ ಮದುವೆ ಮನೆಗೆ ಹೋಗಿದ್ದವಂತೆ!

ಬರೀ ಜಾತ್ರೆಯಲ್ಲೋ ವಸ್ತುಪ್ರದರ್ಶನದಲ್ಲೋ ಮಳಿಗೆ ಹಾಕುವವರಿಗೆ ತಾತ್ಕಾಲಿಕ ನೋಂದಣಿ ಇದೆ. ಐದು ದಿನ ಮೊದಲು ಅರ್ಜಿ, ಅಂದಾಜು ತೆರಿಗೆ ಮುಂಗಡ, 90 ದಿನಗಳ ಗಡುವು. ಬೇಕಿದ್ದರೆ ಇನ್ನೊಮ್ಮೆ 90 ದಿನ ಸಿಗುತ್ತದೆ.

ಫರ್ಮನ್ನು ಮುರಿದರೂ ಹಳೆಯ ತೆರಿಗೆ ಬಾಕಿಗೆ ಇಬ್ಬರೂ ಹೊಣೆ. ಒಬ್ಬರು ಕೊಡದಿದ್ದರೆ ಇಲಾಖೆ ಪೂರ್ತಿ ಹಣವನ್ನು ಇನ್ನೊಬ್ಬರಿಂದಲೇ ಕೇಳಬಹುದು. ಅದಕ್ಕೇ ಫರ್ಮಿನ ಬ್ಯಾಂಕ್ ಖಾತೆಯನ್ನು ಈಗಲೇ ಮುಚ್ಚಬೇಡಿ, ದಂಡದ ದುಡ್ಡು ಅದರಲ್ಲೇ ಇರಲಿ ಎಂದೆ. ಮರುದಿನ ಇಬ್ಬರೂ ಬಿಲ್ಲುಗಳ ಚೀಲ ತಂದಿಟ್ಟು ಹೋದರು. ಚೀಲದ ತಳದಲ್ಲಿ ಒಂದು ಡಬ್ಬಿ ಕರದಂಟೂ ಇತ್ತು. ಅದನ್ನೂ ಸರಕಿನ ಪಟ್ಟಿಗೆ ಸೇರಿಸಿದ್ದೇನೆ.