285 ಅಂತ ಬರೆದಿದೆ, ಆದರೆ ಎಷ್ಟು ಲಿಫ್ಟಿನಲ್ಲಿ?

ನಮಸ್ಕಾರ ಕೇಳುಗರೇ.

ಎಂಜಿನ್ ಬಿಚ್ಚಿ ಕಟ್ಟುವ ಹುಚ್ಚು ಹಿಡಿದವರಿಗೆ ಒಂದು ಕಾಯಿಲೆ ಇರುತ್ತದೆ. ಸಿಲಿಂಡರ್ ಹೆಡ್, ಅಂದರೆ ಸಿಲಿಂಡರಿನ ಮೇಲೆ ಕೂರುವ, ವಾಲ್ವ್‌ಗಳಿರುವ ಮುಚ್ಚಳ. ಅದರ ಕ್ಯಾಟಲಾಗ್ ಕೈಗೆ ಸಿಕ್ಕರೆ ಸಾಕು, ಕಣ್ಣು ಬೇರೆಲ್ಲೂ ನಿಲ್ಲುವುದಿಲ್ಲ, ನೇರ ಫ್ಲೋ ನಂಬರಿಗೆ, ಅಂದರೆ ಹೆಡ್ ಎಷ್ಟು ಗಾಳಿ ಬಿಡುತ್ತದೆ ಅನ್ನುವ ಅಂಕಿಗೆ ಹೋಗುತ್ತದೆ. 258, 270, 285. ಜಾಸ್ತಿ ಇರುವುದೇ ಒಳ್ಳೆಯದು ಅಂತ ಮನಸ್ಸು ಆಗಲೇ ತೀರ್ಪು ಕೊಟ್ಟಾಗಿರುತ್ತದೆ. ನಾನೂ ಹಾಗೇ ತೀರ್ಪು ಕೊಟ್ಟವನು. ದಂಡ ತೆತ್ತ ಕಥೆ ಆಮೇಲೆ ಹೇಳುತ್ತೇನೆ.

ಎಂಜಿನ್ನಿಗೆ ಪೆಟ್ರೋಲ್ ಎಷ್ಟು ಬೇಕಾದರೂ ಸುರಿಯಬಹುದು. ಕಷ್ಟ ಇರುವುದು ಗಾಳಿಯದು. ಒಂದು ಪಾಲು ಪೆಟ್ರೋಲ್ ಸರಿಯಾಗಿ ಉರಿಯಬೇಕಾದರೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಅಷ್ಟೂ ಗಾಳಿ ಹೆಡ್ಡಿನ ಪೋರ್ಟ್, ಅಂದರೆ ಹೆಡ್ಡಿನೊಳಗಿನ ಗಾಳಿಯ ದಾರಿ, ದಾಟಿ, ವಾಲ್ವಿನ ಅಂಚಿನ ಸಂದಿಯಲ್ಲಿ ನುಸುಳಿ, ಸಿಲಿಂಡರ್ ಸೇರಬೇಕು. ಅದಕ್ಕೆ ಸಿಗುವ ಸಮಯ ಸೆಕೆಂಡಿನ ನೂರನೇ ಒಂದು ಭಾಗದಷ್ಟು. ಪವರ್ ಬೇಕು ಅನ್ನುವವರು ಮೊದಲು ಹೆಡ್ ಬದಲಾಯಿಸುವುದು ಇದೇ ಕಾರಣಕ್ಕೆ.

ಈ ಗಾಳಿಯನ್ನು ಅಳೆಯುವ ಯಂತ್ರ ಫ್ಲೋ ಬೆಂಚ್. ಒಂದು ದೊಡ್ಡ ಪೆಟ್ಟಿಗೆ, ಒಳಗೆ ಗಾಳಿ ಎಳೆಯುವ ಮೋಟರುಗಳು. ಮೇಲೆ ಸಿಲಿಂಡರಿನ ಅಳತೆಯದೇ ಒಂದು ಕೊಳವೆ, ಅದರ ಮೇಲೆ ಹೆಡ್ ಕೂರಿಸುತ್ತಾರೆ. ಸ್ಕ್ರೂ ತಿರುಗಿಸಿ ವಾಲ್ವನ್ನು 0.100 ಇಂಚು ತೆರೆದು ಒಮ್ಮೆ ಅಳೆಯುವುದು, 0.200ಕ್ಕೆ ತೆರೆದು ಇನ್ನೊಮ್ಮೆ, ಹೀಗೇ ಮೇಲಕ್ಕೆ. ವಾಲ್ವ್ ಹೀಗೆ ಎಷ್ಟು ತೆರೆದಿದೆ ಅನ್ನುವುದಕ್ಕೇ ಲಿಫ್ಟ್ ಅನ್ನುತ್ತಾರೆ. ಅಳತೆ ಸಿಎಫ್‌ಎಂನಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಅಂತ. ಎಳೆತ ಎಷ್ಟಿರಬೇಕು ಅನ್ನುವುದಕ್ಕೂ ಒಂದು ರೂಢಿ ಇದೆ. 28 ಇಂಚು ನೀರಿನ ಒತ್ತಡ.

ಈ 28 ಅನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಹಳೆಯ ಪಟ್ಟಿಗಳಲ್ಲಿ 10 ಇಂಚಿನ ಎಳೆತದಲ್ಲಿ ಅಳೆದ ಅಂಕಿಗಳೂ ಸಿಗುತ್ತವೆ. ಗಾಳಿಯ ಹರಿವು ಒತ್ತಡದ ವರ್ಗಮೂಲದಂತೆ ಏರುತ್ತದೆ. ಹಾಗಾಗಿ 10 ಇಂಚಿನ ಅಂಕಿಯನ್ನು 1.67ರಿಂದ ಗುಣಿಸಿದರೆ 28ರ ಅಂಕಿ ಬರುತ್ತದೆ. ಅಲ್ಲಿ 150 ಅಂತಿದ್ದರೆ ಇಲ್ಲಿ 250. ಹೆಡ್ ಅದೇ, ಅಳೆದ ಕೋಲು ಬೇರೆ.

ಕೋಲು ಒಂದೇ ಇದ್ದರೂ ಅಳೆಯುವವನ ಕೈಚಳಕ ಉಳಿದೇ ಇರುತ್ತದೆ. ಪೋರ್ಟಿನ ಬಾಯಿಗೆ ಜೇಡಿಮಣ್ಣು ಮೆತ್ತಿ, ಅಂಚನ್ನು ದುಂಡಗೆ ತೀಡಿದರೆ ಗಾಳಿ ಸಲೀಸಾಗಿ ಒಳಗೆ ಹೋಗುತ್ತದೆ. ಇದು ತಪ್ಪಲ್ಲ, ಎಲ್ಲರೂ ಮಾಡುತ್ತಾರೆ. ಒಂದು ಹೆಡ್ಡಿಗೆ ಮೆತ್ತಿ ಇನ್ನೊಂದಕ್ಕೆ ಬಿಟ್ಟರೆ ಮಾತ್ರ ಹೋಲಿಕೆ ಕೆಟ್ಟಿತು. ಕೆಳಗಿನ ಕೊಳವೆಯೂ ಹಾಗೇ. ನಿಮ್ಮ ಎಂಜಿನ್ನಿನ ಬೋರ್, ಅಂದರೆ ಸಿಲಿಂಡರಿನ ಅಡ್ಡಳತೆ, 4 ಇಂಚು, ಅವರು ಅಳೆದದ್ದು 4.125 ಇಂಚಿನ ಕೊಳವೆಯ ಮೇಲೆ ಅಂದುಕೊಳ್ಳಿ. ಅಲ್ಲಿ ವಾಲ್ವಿಗೂ ಗೋಡೆಗೂ ನಡುವೆ ಜಾಗ ಜಾಸ್ತಿ. ಅವರಿಗೆ ಸಿಕ್ಕ ಗಾಳಿ ನಿಮಗೆ ಸಿಗುವುದಿಲ್ಲ.

ಫ್ಲೋ ಬೆಂಚಿನ ಪಕ್ಕ ನಿಂತು ನೋಡುವುದೇ ಒಂದು ಮಜಾ. ನಾನು ಮೊದಲ ಸಲ ನಿಂತಾಗ 0.500 ಇಂಚಿನವರೆಗೂ ಗಾಳಿ ಒಂದೇ ಸಮನೆ ಹುಯ್ಯೋ ಅಂತ ಹೋಗುತ್ತಿತ್ತು. 0.550ಕ್ಕೆ ತೆರೆದ ಕೂಡಲೇ ಸದ್ದು ಬದಲಾಯಿತು. ದಪ್ಪ ಬಟ್ಟೆ ಹರಿದ ಹಾಗೆ ಪರಪರ ಅಂತ. ಒತ್ತಡ ತೋರಿಸುವ ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ಕುಣಿಯತೊಡಗಿತು. ವಾಲ್ವ್ ಇನ್ನಷ್ಟು ತೆರೆದಿತ್ತು, ಅಂಕಿ ಮಾತ್ರ 6 ಸಿಎಫ್‌ಎಂ ಕೆಳಗೆ ಬಂದಿತ್ತು. ಪೋರ್ಟಿನ ನೆಲ ವಾಲ್ವಿನ ಕಡೆಗೆ ಬಾಗುವ ಕಿರು ತಿರುವು ಇದೆಯಲ್ಲ, ಅಲ್ಲಿ ಗಾಳಿ ನೆಲ ಬಿಟ್ಟು ಹಾರಿ ಸುಳಿ ಕಟ್ಟುತ್ತದೆ. ಒಳ್ಳೆಯ ಹೆಡ್ಡಿಗೂ ಸುಮಾರಾದ ಹೆಡ್ಡಿಗೂ ಇರುವ ವ್ಯತ್ಯಾಸ ಬಹುಪಾಲು ಆ ಒಂದು ತಿರುವಿನಲ್ಲೇ ಇರುತ್ತದೆ.

ಈಗ ಪೆನ್ನು ಹತ್ತಿರ ಇದ್ದರೆ ಒಂದು ಲೆಕ್ಕ ಬರೆದುಕೊಳ್ಳಿ. ಎರಡು ಹೆಡ್ ಅಂತ ಇಟ್ಟುಕೊಳ್ಳೋಣ, ಇದು ಬರೀ ಉದಾಹರಣೆಗೆ. ಮೊದಲನೆಯದರ ಇನ್‌ಟೇಕ್ ಪೋರ್ಟ್, ಅಂದರೆ ಗಾಳಿ ಒಳಬರುವ ದಾರಿ, ಗಾತ್ರದಲ್ಲಿ 195 ಸಿಸಿ, ಎರಡನೆಯದರದು 220 ಸಿಸಿ. 0.200 ಇಂಚಿನಲ್ಲಿ ಮೊದಲನೆಯದು 138 ಸಿಎಫ್‌ಎಂ, ಎರಡನೆಯದು 128. 0.300ರಲ್ಲಿ 195 ಮತ್ತು 183. 0.400ರಲ್ಲಿ 238 ಮತ್ತು 230. ಅರ್ಧ ಇಂಚಿಗೆ ಬಂದಾಗ 255, 258. ಇಲ್ಲಿ ಎರಡನೆಯದು ಒಂದು ಕೂದಲೆಳೆ ಮುಂದೆ. 0.600ಕ್ಕೆ ಹೋದರೆ ಮೊದಲನೆಯದು 258ಕ್ಕೇ ಸುಸ್ತು, ಎರಡನೆಯದು 285.

ಕ್ಯಾಟಲಾಗಿನಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಆ 285. ಆದರೆ ನಿಮ್ಮ ಕ್ಯಾಮ್, ಅಂದರೆ ವಾಲ್ವ್ ತೆರೆಸುವ ಉಬ್ಬುಗಳಿರುವ ದಂಡ, ವಾಲ್ವನ್ನು ಎತ್ತುವುದೇ 0.500 ಇಂಚು ಆಗಿದ್ದರೆ? ಆ 285 ನಿಮ್ಮ ಎಂಜಿನ್ನಿನಲ್ಲಿ ಹುಟ್ಟುವುದೇ ಇಲ್ಲ. ಇನ್ನೊಂದು ವಿಷಯ. ವಾಲ್ವ್ ತುತ್ತತುದಿಯನ್ನು ಮುಟ್ಟುವುದು ಒಂದೇ ಸಲ. 0.300 ಇಂಚನ್ನು ಮಾತ್ರ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ದಾಟುತ್ತದೆ. ಮಧ್ಯದ ಅಂಕಿಗಳು ಎರಡೆರಡು ಸಲ ಕೂಲಿ ಮಾಡುತ್ತವೆ. 0.200ರಿಂದ 0.500ರವರೆಗಿನ ಸರಾಸರಿ ತೆಗೆದರೆ ಮೊದಲನೆಯದು 206.5, ಎರಡನೆಯದು ಸುಮಾರು 200. ಪಟ್ಟಿಯಲ್ಲಿ ಸೋತ ಹೆಡ್ ರಸ್ತೆಯಲ್ಲಿ ಗೆಲ್ಲುತ್ತದೆ.

ಅದೂ ಸಣ್ಣ ಪೋರ್ಟಿನಲ್ಲಿ ಗೆಲ್ಲುತ್ತದೆ. ಸಣ್ಣ ಪೋರ್ಟಿನಲ್ಲಿ ಅಷ್ಟೇ ಗಾಳಿ ಹೋಗಬೇಕಾದರೆ ಜೋರಾಗಿ ಓಡಬೇಕು, ಅಲ್ವಾ? ಓಡುವ ಗಾಳಿಗೂ ತೂಕ ಇದೆ, ಅದು ಥಟ್ಟನೆ ನಿಲ್ಲುವುದಿಲ್ಲ. ಪಿಸ್ಟನ್ ಕೆಳಗೆ ಮುಟ್ಟಿ ಮತ್ತೆ ಮೇಲೆ ಏರತೊಡಗಿದರೂ ಇನ್‌ಟೇಕ್ ವಾಲ್ವ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಆಗ ಜೋರಾಗಿ ಬರುತ್ತಿರುವ ಗಾಳಿ ತನ್ನ ರಭಸಕ್ಕೇ ಇನ್ನಷ್ಟು ಒಳಗೆ ತುಂಬಿಕೊಳ್ಳುತ್ತದೆ. ಪೋರ್ಟ್ ವಿಶಾಲವಾಗಿ, ಗಾಳಿ ಸೋಮಾರಿಯಾಗಿದ್ದರೆ ಏರುವ ಪಿಸ್ಟನ್ ಅದನ್ನು ವಾಪಸ್ ತಳ್ಳುತ್ತದೆ. ಈ ರಭಸ ಫ್ಲೋ ಪಟ್ಟಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಎರಡು ಹೆಡ್ ಒಂದೇ ಗಾಳಿ ಬಿಡುತ್ತವೆ ಅಂದರೆ, ಕಡಿಮೆ ಸಿಸಿಯದನ್ನು ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಈಗ ನನ್ನ ಕಥೆ. ಷೆವ್ರೊಲೆಯ ಸ್ಮಾಲ್ ಬ್ಲಾಕ್, 350 ಕ್ಯೂಬಿಕ್ ಇಂಚಿನದು. ಈ ಸ್ಮಾಲ್ ಬ್ಲಾಕ್ ವಂಶ 1955ರಲ್ಲಿ 265 ಕ್ಯೂಬಿಕ್ ಇಂಚಿನಿಂದ ಶುರುವಾದದ್ದು. ಹೊರಗಿನ ಕಂಪನಿಗಳು ಇದಕ್ಕೆ ಮಾಡಿದಷ್ಟು ಬಗೆಯ ಹೆಡ್‌ಗಳನ್ನು ಬೇರೆ ಎಂಜಿನ್ನಿಗೆ ಮಾಡಿರುವುದು ಅಪರೂಪ. ನನ್ನದು ಸಾಧು ಕ್ಯಾಮ್, ದಿನಾ ಓಡಿಸುವ ಗಾಡಿ. ಅದಕ್ಕೆ 220 ಸಿಸಿಯ ಹೆಡ್ ಹಾಕಿಸಿದೆ. ಮಾರಿದವನು ತಡೆಯಲಿಲ್ಲ, ನಾನೂ ಕೇಳಲಿಲ್ಲ. ಮೊದಲ ದಿನ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಮುಕ್ಕರಿಯಿತು. 3,500 ಆರ್‌ಪಿಎಂ ದಾಟುವವರೆಗೆ ಜೀವವೇ ಇಲ್ಲ. ಆಮೇಲೆ ಎಳೆಯಿತು, ನಿಜ. ಆದರೆ ಅಲ್ಲಿಗೆ ಹೋಗುವಷ್ಟರಲ್ಲಿ ಮುಂದಿನ ಸಿಗ್ನಲ್ ಬಂದಿರುತ್ತಿತ್ತು. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ. ಐದು ತಿಂಗಳಿಗೆ ಅದನ್ನು ಇಳಿಸಿ 180 ಸಿಸಿಯದು ಹಾಕಿದೆ. ಗಾಡಿ ಮತ್ತೆ ಗಾಡಿಯಾಯಿತು.

ಹಾಗಾದರೆ ಸಿಎಫ್‌ಎಂನಿಂದ ಹಾರ್ಸ್‌ಪವರ್ ಅಂದಾಜು ಮಾಡಲು ಆಗುವುದಿಲ್ಲವಾ? ಆಗುತ್ತದೆ. 28 ಇಂಚಿನಲ್ಲಿ ಅಳೆದ ಇನ್‌ಟೇಕ್ ಸಿಎಫ್‌ಎಂ ಅನ್ನು 0.257ರಿಂದ ಗುಣಿಸಿ, ಸಿಲಿಂಡರ್‌ಗಳ ಸಂಖ್ಯೆಯಿಂದ ಮತ್ತೆ ಗುಣಿಸಿ. 258 ಇದ್ದರೆ 8 ಸಿಲಿಂಡರಿಗೆ ಸುಮಾರು 530 ಹಾರ್ಸ್‌ಪವರ್. ಇದು ಛಾವಣಿ, ನೆಲ ಅಲ್ಲ. ಕ್ಯಾಮ್, ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು), ಮ್ಯಾನಿಫೋಲ್ಡ್ (ಹೆಡ್ಡಿಗೆ ಗಾಳಿ ಹಂಚುವ ಕೊಳವೆಗಳು), ಎಕ್ಸಾಸ್ಟ್ ಎಲ್ಲ ಹೊಂದಿಕೊಂಡರೆ ಅದರ ಹತ್ತಿರ ಹೋಗಬಹುದು. ಇನ್‌ಟೇಕ್ ಮ್ಯಾನಿಫೋಲ್ಡ್ ಬೋಲ್ಟ್ ಮಾಡಿ ಅದೇ ಹೆಡ್ಡನ್ನು ಮತ್ತೆ ಅಳೆದು ನೋಡಿ, ಅಂಕಿ ಇಳಿದಿರುತ್ತದೆ. ಅದನ್ನು ಯಾರೂ ಜಾಹೀರಾತಿನಲ್ಲಿ ಹಾಕುವುದಿಲ್ಲ.

ಕೊನೆಗೆ ಡೈನೋ, ಎಂಜಿನ್ನಿನ ಪವರ್ ಅಳೆಯುವ ಯಂತ್ರ. ಹೆಡ್ಡಿನ ಬಣ್ಣ ಬಯಲಾಗುವುದು ಅಲ್ಲೇ. ಆದರೆ ಹಳೇ ಹೆಡ್ ತೆಗೆದು ಹೊಸದು ಹಾಕಿ, ಇಗ್ನಿಷನ್ ಟೈಮಿಂಗ್, ಅಂದರೆ ಪಿಸ್ಟನ್ ಮೇಲೆ ಮುಟ್ಟುವ ಎಷ್ಟು ಡಿಗ್ರಿ ಮೊದಲೇ ಕಿಡಿ ಹಾರಬೇಕು ಅನ್ನುವುದನ್ನು, ಮುಟ್ಟದೆ ಓಡಿಸಿದರೆ ಅದು ಹೋಲಿಕೆ ಅಲ್ಲ. ಚೇಂಬರ್ ಅಂದರೆ ಹೆಡ್ಡಿನಲ್ಲಿ ಪೆಟ್ರೋಲ್ ಉರಿಯುವ ಗುಳಿ. ಹಳೆಯ ತೆರೆದ ಚೇಂಬರಿಗೆ 36 ಡಿಗ್ರಿ ಬೇಕಿದ್ದರೆ, ಬೇಗ ಉರಿಯುವ ಹೊಸ ಚೇಂಬರಿಗೆ 32ರ ಆಸುಪಾಸು ಸಾಕಾಗಬಹುದು. 36ರಲ್ಲೇ ಬಿಟ್ಟರೆ ಒಳ್ಳೆಯ ಹೆಡ್ಡಿಗೇ ಅನ್ಯಾಯ. ಗಾಳಿಯ ಒತ್ತಡ, ಬಿಸಿ, ತೇವ ನೋಡಿ ಡೈನೋ ಅಂಕಿಯನ್ನು ತಿದ್ದುತ್ತಾರೆ. ಆ ತಿದ್ದುಪಡಿಯಲ್ಲೂ ಎರಡು ಬಗೆ ಚಾಲ್ತಿಯಲ್ಲಿವೆ, ನಡುವೆ ಸುಮಾರು 4 ಶೇಕಡಾ ವ್ಯತ್ಯಾಸ. 500 ಹಾರ್ಸ್‌ಪವರಿನಲ್ಲಿ 20 ಬರೀ ಕಾಗದದ ಮೇಲೆ ಹುಟ್ಟಬಹುದು. ನಾನಂತೂ ತುದಿಯ ಪವರ್ ಆಮೇಲೆ ನೋಡುತ್ತೇನೆ. 3,000ದಿಂದ 6,000 ಆರ್‌ಪಿಎಂವರೆಗೆ ಟಾರ್ಕಿನ ಸರಾಸರಿ ಎಷ್ಟು ಅಂತ ಮೊದಲು ಕೇಳುತ್ತೇನೆ.

ಅಲ್ಯುಮಿನಿಯಮ್ಮಾ ಬೀಡುಕಬ್ಬಿಣವಾ ಅಂತ ಕೇಳುವವರಿಗೆ ಇಷ್ಟೇ ಹೇಳುತ್ತೇನೆ. ಅಲ್ಯುಮಿನಿಯಂ ತೂಕ ಸುಮಾರು ಅರ್ಧ, ಕೆಟ್ಟರೆ ಸರಿಮಾಡುವುದು ಸುಲಭ. ಗಾಳಿಗೆ ಎರಡೂ ಒಂದೇ.

ಹೆಡ್ ಮನೆಗೆ ಬಂದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಬೋಲ್ಟ್ ಮಾಡುವ ಮೊದಲು ಚೇಂಬರನ್ನು ನೀವೇ ಅಳೆಯಿರಿ. ವಾಲ್ವ್ ಮುಚ್ಚಿ, ಪ್ಲಗ್ ಹಾಕಿ, ಮೇಲೆ ತೂತಿರುವ ಪ್ಲಾಸ್ಟಿಕ್ ತಟ್ಟೆಯನ್ನು ಗ್ರೀಸ್ ಹಚ್ಚಿ ಅಂಟಿಸಿ, ಬ್ಯುರೆಟ್ಟಿನಿಂದ ಬಣ್ಣದ ನೀರು ಬಿಡಿ. ಕೊನೆಯ ಗಾಳಿಗುಳ್ಳೆ ತೂತಿನಿಂದ ಹೊರಬಂದಾಗ ನಿಲ್ಲಿಸಿ ಓದಿ. 350ರ ಒಂದು ಸಿಲಿಂಡರ್ 717 ಸಿಸಿ. ಚೇಂಬರ್ 64, ಗ್ಯಾಸ್ಕೆಟ್ ಮತ್ತು ಉಳಿದ ಜಾಗ 16 ಅಂತಿಟ್ಟರೆ ಕಂಪ್ರೆಷನ್ ಹೆಚ್ಚುಕಡಿಮೆ 10ಕ್ಕೆ 1. ಚೇಂಬರ್ 76 ಆದರೆ 8.8ಕ್ಕೆ ಬೀಳುತ್ತದೆ. ನನ್ನ ಆ 180 ಸಿಸಿ ಹೆಡ್ಡಿನ ಪೆಟ್ಟಿಗೆಯ ಮೇಲೆ 64 ಅಂತಿತ್ತು. ಎಂಟೂ ಚೇಂಬರ್ ಅಳೆದೆ. ಆರು 66, ಎರಡು 67.

ನಮಸ್ಕಾರ.